ಮೂರನೇ ಗೇರಿನ ನರಳಾಟ

ಗೇರ್‌ಬಾಕ್ಸನ್ನು ನೋಡಲು ಬಂದ ಎರಡು ಕಾರುಗಳೂ "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೋದವು, ಆಮೇಲೆ ಸುದ್ದಿಯೇ ಇಲ್ಲ. ಮೂರನೆಯ ಕಾರೂ ಒಪ್ಪದಿದ್ದರೆ ಗೇರ್‌ಬಾಕ್ಸನ್ನು ಕರಗಿಸಲು ಕುಲುಮೆಗೆ ಕಳಿಸಬೇಕು. ತುಮಕೂರಿನ ಆ ಮರುತಯಾರಿಕಾ ಘಟಕದ ನಿಯಮವೇ ಹಾಗೆ.

ಹಳೆಯ ಬಿಡಿಭಾಗಗಳ ಯೋಗ್ಯತೆ ನೋಡುವ ವಿಶಾಲಾಕ್ಷಮ್ಮ ಅವತ್ತು ಗೇರ್‌ಬಾಕ್ಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಲ್ಲುಗಳ ಸವೆತ ಅಳೆದು, ಹೊಸ ಬೇರಿಂಗ್ ತೊಡಿಸಿ, ಕುಂಕುಮವಿಟ್ಟು ಮಣೆಯ ಮೇಲೆ ಕೂರಿಸಿದರು.

"ಕೇಳಿದ್ದಕ್ಕಷ್ಟೇ ಉತ್ತರ ಕೊಡು ತಾಯಿ. ಮೂರನೇ ಗೇರಿನ ವಿಚಾರ ನೀನಾಗಿ ಎತ್ತಬೇಡ."

ಬಿಳಿ ಕಾರೊಂದು ಬಂದು ಎದುರಿಗೆ ನಿಂತಿತು. ಲೋಟದಲ್ಲಿ ಕೊಟ್ಟ ಆಯಿಲನ್ನು ಮರ್ಯಾದೆಯಿಂದ, ಸದ್ದು ಮಾಡದೆ ಕುಡಿಯಿತು.

"ಎಷ್ಟು ಕಿಲೋಮೀಟರ್ ಓಡಿದೆ?" ಎಂದು ಕೇಳಿತು.

"ಬರೀ ಒಂದೂವರೆ ಲಕ್ಷ. ಓಡಿಸ್ತಿದ್ದೋರು ರಿಟೈರ್ಡ್ ಮೇಷ್ಟ್ರು, ತುಂಬಾ ನಿಧಾನಸ್ಥರು," ಎಂದು ವಿಶಾಲಾಕ್ಷಮ್ಮನೇ ಬಾಯಿ ಹಾಕಿದರು. ಹದಿನೆಂಟು ವರ್ಷದಿಂದ ಅವರ ಬಾಯಲ್ಲಿ ಎಲ್ಲ ಗೇರ್‌ಬಾಕ್ಸುಗಳನ್ನೂ ಆ ಮೇಷ್ಟ್ರೇ ಓಡಿಸುತ್ತ ಬಂದಿದ್ದರು.

"ಸುಳ್ಳು," ಎಂದಿತು ಗೇರ್‌ಬಾಕ್ಸ್ ಮೆಲ್ಲಗೆ. "ನಾನಿದ್ದದ್ದು ಟ್ಯಾಕ್ಸಿಲಿ. ನಾಲ್ಕು ಲಕ್ಷ ಓಡಿದೀನಿ. ಮೂರನೇ ಗೇರಿಗೆ ಹಾಕಿದ್ರೆ ನರಳ್ತೀನಿ, ಏನ್ ರಿಪೇರಿ ಮಾಡಿದ್ರೂ ನಿಲ್ಲಲ್ಲ."

ವಿಶಾಲಾಕ್ಷಮ್ಮ ನಿಟ್ಟುಸಿರು ಬಿಟ್ಟು ಕುಲುಮೆಯ ಚೀಟಿಗೆ ಕೈ ಹಾಕಿದರು. ಕಾರು ವೈಪರ್ ಆಡಿಸುತ್ತ ಬಹಳ ಹೊತ್ತು ಯೋಚಿಸಿತು.

"ಮುಹೂರ್ತ ನೋಡ್ಸಿ ಅಮ್ಮಾ," ಎಂದಿತು ಕೊನೆಗೆ. "ನಾನಿರೋದು ಬೆಂಗಳೂರಲ್ಲಿ. ಮೂರನೇ ಗೇರಿಗೆ ಹೋಗಿ ಆರು ವರ್ಷ ಆಯ್ತು."