ನಾಲ್ಕನೆಯ ಅಧ್ಯಾಯ

ಮೂರನೆಯ ಸಲ ಮುಖ ತೊಳೆದುಕೊಂಡರೂ ಬೆವರು ನಿಲ್ಲಲಿಲ್ಲ. ಶೌಚಾಲಯದ ಕನ್ನಡಿಯ ಮುಂದೆ ನಿಂತು ಅವನು ಟೈ ಸರಿಮಾಡಿಕೊಂಡ. ಅದು ಇನ್ನಷ್ಟು ಸೊಟ್ಟಗಾಯಿತು. ಹತ್ತೂವರೆಗೆ ಪಿಎಚ್.ಡಿ. ಮೌಖಿಕ ಪರೀಕ್ಷೆ. ಈಗಾಗಲೇ ಹತ್ತು ಇಪ್ಪತ್ತು.

ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಹೆಂಡತಿ.

"ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ರಾ?"

"ಗಂಟಲಲ್ಲಿ ಇಳೀಬೇಕಲ್ಲ ಕಣೇ."

"ಕೇಳಿದ್ರೆ ನಿಜ ಹೇಳಿಬಿಡಿ. ತಪ್ಪಾಗಿದೆ ಅಂತ ನಿಮಗೇ ಗೊತ್ತಲ್ಲ."

"ಏಳು ವರ್ಷದ ದುಡಿಮೆ! ಒಂದೇ ಮಾತಿಗೆ ಮಣ್ಣುಪಾಲಾಗುತ್ತೆ."

"ಸುಳ್ಳು ಹೇಳಿ ಮನೆಗೆ ಬಂದ್ರೆ ಇನ್ನೇಳು ವರ್ಷ ನಿದ್ದೆ ಮಾಡಲ್ಲ ನೀವು. ನನಗೂ ಮಾಡೋಕೆ ಬಿಡಲ್ಲ," ಎಂದು ಅವಳು ಫೋನ್ ಇಟ್ಟಳು.

ತಪ್ಪು ಇದ್ದದ್ದು ಅವನ ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ. ವಿಷಯ, ಕರೆಂಟ್ ಹೋದರೂ ಮರೆಯದ ಮೆಮೊರಿ. ಉಗುರಿನಷ್ಟಗಲದ ಸಿಲಿಕಾನ್ ಚಿಪ್, ಅದರ ಮೇಲೆ ಬೆಳಕು ಹರಿಯಲು ಕೂದಲಿಗಿಂತ ಸಣ್ಣ ದಾರಿ, ದಾರಿಯ ನಡುವೆ ವಿಶೇಷ ಲೇಪದ ಒಂದು ಚುಕ್ಕೆ. ಜೋರು ಬೆಳಕು ಹೊಡೆದರೆ ಚುಕ್ಕೆಯ ಗುಣ ಬದಲಾಗಿ ಹಾಗೇ ಉಳಿಯುತ್ತದೆ. ಅದು ಬರೆಯುವುದು. ಆಮೇಲೆ ಮಂದ ಬೆಳಕು ಹಾಯಿಸಿದರೆ ಬರೆದದ್ದು ತಿಳಿಯುತ್ತದೆ. ಅದು ಓದುವುದು. ಈ ಲೇಪ ಮೂವತ್ತೇ ದಿನದಲ್ಲಿ ಎಲ್ಲವನ್ನೂ ತಾನಾಗಿ ಮರೆತುಬಿಡುತ್ತದೆ, ಕೆಲಸಕ್ಕೆ ಬಾರದು ಎಂದು ಅವನು ಎಪ್ಪತ್ತು ಪುಟ ಬರೆದು ಸಾಧಿಸಿದ್ದ. ಜೊತೆಗೆ ಎಂಟು ಬಣ್ಣಬಣ್ಣದ ನಕ್ಷೆಗಳು. ಬಣ್ಣಗಳಲ್ಲಿ ಮಾತ್ರ ಇವತ್ತಿಗೂ ಏನೂ ದೋಷವಿಲ್ಲ.

ಮೂರು ವಾರದ ಹಿಂದೆ ಬೇರೆಯವರ ಅಳತೆಗಳನ್ನು ಓದುತ್ತಿದ್ದಾಗ ಅವನಿಗೆ ನಿಜ ಹೊಳೆಯಿತು. ಲೇಪ ಏನನ್ನೂ ಮರೆತಿರಲಿಲ್ಲ. ಅವನೇ ಅಳಿಸಿದ್ದ! ಗೋಡೆಗೆ ಬಣ್ಣ ಹಚ್ಚಿ, ಒಣಗಿತೇ ಎಂದು ಗಳಿಗೆಗೊಮ್ಮೆ ಬೆರಳಿಟ್ಟು ನೋಡುವವರ ಪೈಕಿ ಅವನು. ಮೂವತ್ತು ದಿನ ಸುಮ್ಮನಿರಲಾಗದೆ ಗಂಟೆಗೊಮ್ಮೆ ಹೋಗಿ ಓದುತ್ತಿದ್ದ. ಪರದೆಯ ಮೇಲೆ ಗೆರೆ ಚೆನ್ನಾಗಿ ಕಾಣಲೆಂದು ಬೆಳಕನ್ನೂ ಏರಿಸಿಕೊಂಡಿದ್ದ. ಆ ಓದುವ ಬೆಳಕೇ ಚುಕ್ಕೆಯನ್ನು ಸಲಕ್ಕಿಷ್ಟು ಕಾಯಿಸಿ, ಬರೆದದ್ದನ್ನೆಲ್ಲ ಒರೆಸಿಹಾಕಿತ್ತು. ಹೀಗೆ ತನ್ನ ಆತುರವನ್ನೇ ಅವನು ಏಳು ವರ್ಷ ಸಂಶೋಧನೆ ಮಾಡಿದ್ದ.

ಪಾರಾಗುವ ದಾರಿಯೊಂದಿತ್ತು. ಲ್ಯಾಬ್ ಪುಸ್ತಕದಲ್ಲಿ ಬೆಳಕಿನ ಮಟ್ಟ ಬರೆಯಬೇಕಾದ ಕಡೆ ಅವನು 'ಎಂದಿನಂತೆ' ಎಂದಷ್ಟೇ ಗೀಚಿದ್ದ. ಅದು ಎಷ್ಟೆಂದು ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತು. ಯಾರಾದರೂ ಕೇಳಿದರೆ 'ಕಡಿಮೆಯೇ ಇತ್ತು' ಎಂದರಾಯಿತು. ಅವನ ಹೆಸರು ನಿಂತಿದ್ದೇ ಆ ಅಧ್ಯಾಯದ ಮೇಲೆ. ಎರಡು ಪದದಲ್ಲಿ ಹೆಸರು ಉಳಿಯುತ್ತಿತ್ತು.

ಹತ್ತೂವರೆಗೆ ಒಳಗೆ ಹೋಗಿ ಕೂತ. ಜವಾನ ನೀರಿನ ಲೋಟ ಮುಂದಿಟ್ಟು, "ಗಾಬರಿ ಆಗ್ಬೇಡಿ ಸಾರ್, ಇಲ್ಲಿ ಯಾರೂ ಕಚ್ಚಲ್ಲ," ಎಂದು ಪಿಸುಗುಟ್ಟಿದ. ಮೇಜಿನ ತುದಿಯಲ್ಲಿ ಅಧ್ಯಕ್ಷರಿದ್ದರು. ಎದುರಿಗೆ ಅವನಿಗಿಂತ ತೀರಾ ಚಿಕ್ಕ ವಯಸ್ಸಿನ ಒಬ್ಬಾಕೆ. ಆಕೆಯ ಮುಂದೆ ಅವನ ಪ್ರಬಂಧ, ಪುಟಪುಟಕ್ಕೂ ಹಳದಿ ಚೀಟಿ. ಹಿಂದಿನ ಸಾಲಿನಲ್ಲಿ ವಯಸ್ಸಾದ ಗಂಡಹೆಂಡತಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಉಸಿರು ಬಿಗಿಹಿಡಿದು ಕೂತಿದ್ದರು.

ಒಂದು ಗಂಟೆ ಹೇಗೋ ಕಳೆಯಿತು. ಆಮೇಲೆ ನಾಲ್ಕನೆಯ ಅಧ್ಯಾಯದ ಮಾತು ಬಂದೇ ಬಂತು.

"ನಿಮ್ಮ ಪ್ರಬಂಧ ಐದು ಸಲ ಓದಿದೀನಿ," ಎಂದಳು ಎದುರಿಗಿದ್ದಾಕೆ. ಪ್ರಬಂಧವನ್ನು ಪೂರ್ತಿ ಓದುವವರೂ ಇರುತ್ತಾರೆಂಬುದನ್ನು ಅವನು ಬರೆಯುವಾಗ ಲೆಕ್ಕಕ್ಕೇ ಹಿಡಿದಿರಲಿಲ್ಲ. "ಚಿಪ್ ಓದುವಾಗ ಬೆಳಕು ಎಷ್ಟಿಟ್ಟಿದ್ರಿ ಅನ್ನೋದು ಮಾತ್ರ ಎಲ್ಲೂ ಸಿಗ್ಲಿಲ್ಲ. ಈಗಲಾದ್ರೂ ಹೇಳ್ತೀರಾ?"

ಆಕೆಯ ದನಿ ನಡುಗುತ್ತಿತ್ತು.

'ಕಡಿಮೆಯೇ ಇತ್ತು.' ನಾಲಿಗೆಯ ತುದಿಗೆ ಬಂದು ಕೂತಿತ್ತು. ಲೋಟದ ನೀರನ್ನೆಲ್ಲ ಕುಡಿದ. ಅಧ್ಯಕ್ಷರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಹಿಂದಿನ ಸಾಲಿನ ಹೆಂಗಸು ಕಣ್ಣು ಮುಚ್ಚಿಕೊಂಡಳು. ಅವನಿಗೆ ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

"ಇರ್ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಜಾಸ್ತಿ ಇಟ್ಟಿದ್ದೆ," ಎಂದುಬಿಟ್ಟ. "ಗೆರೆ ಚೆನ್ನಾಗಿ ಕಾಣ್ಲಿ ಅಂತ. ಗಂಟೆಗೊಂದ್ಸಲ ನೋಡ್ತಿದ್ದೆ, ಮನಸ್ಸು ತಡೀತಿರ್ಲಿಲ್ಲ. ಲೇಪದ್ದು ಏನೂ ತಪ್ಪಿಲ್ಲ. ಅಳಿಸಿದ್ದು ನಾನು. ಆ ಅಧ್ಯಾಯ ಪೂರ್ತಿ ತಪ್ಪು."

ಎದುರಿಗಿದ್ದಾಕೆ ಪೆನ್ನು ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಧ್ಯಕ್ಷರು ಒಂದು ಹಾಳೆಯನ್ನು ಅವನ ಕಡೆ ತಳ್ಳಿದರು.

"ಹಾಗಾದ್ರೆ ಪರೀಕ್ಷಕರೇ, ನಿಮ್ಮ ಹದಿನೈದು ವರ್ಷದ ಹಿಂದಿನ ತಪ್ಪನ್ನ ಹಿಡಿದ ಈ ಹುಡುಗಿಗೆ ಡಾಕ್ಟರೇಟ್ ಕೊಡಬಹುದು ಅಂತ ಬರೆದು ಸಹಿ ಹಾಕಿ, ಅವಳ ಅಪ್ಪ ಅಮ್ಮ ಬೆಳಗ್ಗಿಂದ ಕಾಯ್ತಾ ಕೂತಿದಾರೆ."