ಬೆನ್ನ ಹಿಂದಿನ ಹೆಜ್ಜೆ

‘ಒಂಬತ್ತನೆಯವರು, ಕೊನೆಯವರು, ನಮ್ಮ ಮೈಕಿನವರ ಮನೆಯವರು,’ ಎಂದು ಡ್ರಿಲ್ ಮೇಷ್ಟ್ರು ಮ್ಯೂಸಿಕಲ್ ಚೇರ್ ಆಟದ ಪಟ್ಟಿ ಓದಿ ಮುಗಿಸಿದಾಗ, ವೈರು ಸುತ್ತುತ್ತಿದ್ದ ಮೈಕಿನವನ ಕೈ ಅಲ್ಲೇ ನಿಂತಿತು. ಊರಿನ ಸಮುದಾಯ ಭವನದ ವಾರ್ಷಿಕ ದಿನಕ್ಕೆ ಹತ್ತೊಂಬತ್ತು ವರ್ಷದಿಂದ ಅವನದೇ ಮೈಕು, ಅವನದೇ ಹಾಡು. ಅಷ್ಟೂ ವರ್ಷ ಅವನ ಹೆಂಡತಿ ಊಟದ ಡಬ್ಬಿ ತಂದುಕೊಟ್ಟು, ಗೋಡೆ ಪಕ್ಕ ಕೂತು, ಉಳಿದವರು ಓಡುವುದನ್ನು ನೋಡಿಕೊಂಡು ಮನೆಗೆ ಹೋಗುತ್ತಿದ್ದಳು. ಅವಳ ಎಡಗಾಲು ಒಂದಂಗುಲ ಗಿಡ್ಡ. ಚಿಕ್ಕವಳಿದ್ದಾಗ ಮುರಿದ ಮೂಳೆ ಸರಿಯಾಗಿ ಕೂಡಿರಲಿಲ್ಲ.

ಅವನು ವೈರು ಬಿಟ್ಟು ಅವಳ ಹತ್ತಿರ ಹೋದ. ಅವಳು ಕೂದಲನ್ನು ಬಿಗಿಯಾಗಿ ಗಂಟು ಹಾಕುತ್ತಿದ್ದಳು. ಇದೆಲ್ಲ ಯಾಕೆ ಬೇಕಿತ್ತು ಎಂದು ಮೆಲ್ಲಗೆ ಕೇಳಿದ.

‘ಕುರ್ಚಿ ಸುತ್ತೋಕೆ ಎಷ್ಟು ಕಾಲು ಬೇಕು? ಎರಡಿದೆಯಲ್ಲ.’

‘ಮೊದಲ ಸುತ್ತಿಗೇ ಹೊರಗೆ ಬಂದ್ರೆ ನಾಲ್ಕು ಜನ ನಗ್ತಾರೆ ಕಣೇ.’

‘ನಗಲಿ ಬಿಡಿ. ಹತ್ತೊಂಬತ್ತು ವರ್ಷ ಅವರನ್ನ ನೋಡಿ ನಾನು ನಕ್ಕಿಲ್ವಾ?’ ಎಂದು ಅವಳು ಹೋಗಿ ಸಾಲಿನಲ್ಲಿ ನಿಂತಳು.

ಹಾಡು ಹಾಕುವವನು ಆಟಕ್ಕೆ ಬೆನ್ನು ಮಾಡಿ ಕೂರಬೇಕೆಂಬುದು ಡ್ರಿಲ್ ಮೇಷ್ಟ್ರ ಕಾನೂನು. ‘ಬೆನ್ನಿಗೇನು ಕಣ್ಣಿರುತ್ತಾ?’ ಎಂದು ಪ್ರತಿ ವರ್ಷ ಕೇಳಿ ತಾವೇ ನಗುತ್ತಿದ್ದರು. ಕಿವಿಯ ವಿಷಯ ಅವರಿಗೆ ಹೊಳೆದಿರಲಿಲ್ಲ. ಮೈಕಿನವನಿಗೂ ಅಂದಿನವರೆಗೆ ಹೊಳೆದಿರಲಿಲ್ಲ. ಸ್ಪೀಕರ್‌ಗಳೆಲ್ಲ ಭವನದ ಆ ತುದಿಯಲ್ಲಿದ್ದವು. ಕುರ್ಚಿಗಳ ಸುತ್ತು ಅವನ ಬೆನ್ನಿನಿಂದ ಒಂದು ಮಾರು ದೂರವೂ ಇರಲಿಲ್ಲ. ಹಾಡು ಶುರುವಾಗಿ ಅರ್ಧ ನಿಮಿಷವಾಗಿರಬಹುದು, ಅಷ್ಟು ಕಾಲುಗಳ ನಡುವೆಯೂ ಅದೊಂದು ಹೆಜ್ಜೆ ಬೇರೆಯಾಗಿ ಕೇಳಿಸಿತು. ಬಲಗಾಲು ಟಪ್ ಎಂದು ಊರಿ, ಎಡಗಾಲಿನ ಚಪ್ಪಲಿ ಸರ್ರ್ ಎಂದು ನೆಲ ಸವರುವುದು. ಟಪ್, ಸರ್ರ್. ಕಾಲುನೋವಿಗೆ ಅವಳು ಮನೆಯೊಳಗೂ ಚಪ್ಪಲಿ ಹಾಕುವವಳು; ಬೆಳಗಿನ ಅಡುಗೆಮನೆಯಿಂದ, ಓಣಿಯ ತಿರುವಿನಿಂದ, ಮೆಟ್ಟಿಲ ಮೇಲಿನಿಂದ ದಿನವೂ ಕೇಳುವ ಸದ್ದು. ಅದು ತನ್ನ ಬೆನ್ನ ಹಿಂದಿನ ಕುರ್ಚಿಯ ಬಳಿ ಬಂದಾಗ ಅವನು ಹಾಡು ನಿಲ್ಲಿಸುವ ಗುಂಡಿ ಒತ್ತಿದ.

ಮೊದಲ ಸಲ ಬೆರಳು ತಾನಾಗಿಯೇ ಒತ್ತಿತು ಎಂದು ಬೇಕಾದರೆ ಹೇಳಿಕೊಳ್ಳಬಹುದಿತ್ತು. ಎರಡನೆಯ ಸಲಕ್ಕೆ ಆ ಮಾತು ನಡೆಯದು. ಮೂರನೆಯ ಸಲದಿಂದ ಅವನು ಕಾದು ಕೂತು ಒತ್ತತೊಡಗಿದ. ಅಂಗಡಿಯಮ್ಮ ಹೊರಬಿದ್ದರು. ಡಾಕ್ಟರ ಅತ್ತೆ, ಇನ್ನೊಂದು ಸುತ್ತಿದ್ದಿದ್ದರೆ ಅಳಿಯನನ್ನೇ ಕರೆಸಬೇಕಾಗುತ್ತಿತ್ತು ಎಂದು ಏದುಸಿರು ಬಿಡುತ್ತಾ ಹೋಗಿ ಗೋಡೆ ಪಕ್ಕ ಕೂತರು. ಏಳು ಸುತ್ತು ಮುಗಿದಾಗ ಉಳಿದವರು ಇಬ್ಬರೇ: ಅವನ ಹೆಂಡತಿ ಮತ್ತು ಊರಿಗೆಲ್ಲ ಅಂಚೆ ಹಂಚುವ ಹುಡುಗಿ. ಡ್ರಿಲ್ ಮೇಷ್ಟ್ರು ಒಂದೇ ಕುರ್ಚಿಯನ್ನು ನಡುವೆ ಹಾಕಿದರು. ಅದರ ಮುಖ ಮೈಕಿನವನ ಕಡೆಗೇ ಇತ್ತು.

‘ದಿನಾ ಹನ್ನೆರಡು ಕಿಲೋಮೀಟರ್ ನಡೆಯೋಳು ನಾನು,’ ಎಂದು ಅಂಚೆಯ ಹುಡುಗಿ ನಗುವುದು ಅವನಿಗೆ ಕೇಳಿಸಿತು. ‘ನಿಮ್ಮದೇ ಪರವಾಗಿಲ್ಲ ಅಕ್ಕಾ, ಕುರ್ಚಿಗಳೇ ನಿಮ್ಮ ಹತ್ರ ಬಂದು ನಿಲ್ತಾವೆ.’

ಎಲ್ಲರೂ ನಕ್ಕರು. ಆ ನಗೆಯಲ್ಲಿ ಹೆಂಡತಿಯ ನಗು ಮಾತ್ರ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಟಪ್, ಸರ್ರ್ ಎಂಬ ಸದ್ದು ಆಟದ ಸುತ್ತು ಬಿಟ್ಟು ನೇರ ಅವನ ಹತ್ತಿರವೇ ಬಂದು ನಿಂತಿತು.

‘ನಾನು ಈ ಕಡೆ ಬಂದಾಗೆಲ್ಲ ನಿಮ್ಮ ಹೆಗಲು ಮೇಲೇಳುತ್ತೆ,’ ಎಂದು ಅವಳು ಅವನಿಗಷ್ಟೇ ಕೇಳುವಂತೆ ಹೇಳಿದಳು. ‘ಆಮೇಲೆ ಹಾಡು ನಿಲ್ಲುತ್ತೆ.’

ಅವನು ಹೆಗಲು ಇಳಿಸಿದ. ಅವಳು ಬಗ್ಗಿ ಎರಡೂ ಚಪ್ಪಲಿ ಕಳಚಿ ಅವನ ಕುರ್ಚಿಯ ಪಕ್ಕ ಜೋಡಿಸಿಟ್ಟಳು.

‘ಇಷ್ಟು ಹೊತ್ತು ನೀವು ಆಡಿದ್ರಿ. ಇದೊಂದು ಸುತ್ತು ನಾನು ಆಡ್ತೀನಿ.’

ಹಾಡು ಶುರುವಾಯಿತು. ಅವನು ಉಸಿರು ಹಿಡಿದು ಕೇಳಿದ. ಅಂಚೆಯ ಹುಡುಗಿಯ ಬೂಟು ಬೆನ್ನ ಹಿಂದೆ ಬಂತು, ಹೋಯಿತು, ಮತ್ತೆ ಬಂತು. ಬರಿಗಾಲಿನ ಸುದ್ದಿಯೇ ಇಲ್ಲ. ಪಲ್ಲವಿ ಮುಗಿಯಿತು, ಚರಣವೂ ಮುಗಿಯುತ್ತಾ ಬಂತು. ಅವಳು ಎಲ್ಲಿದ್ದಾಳೋ, ಈಗ ಒತ್ತಿದರೆ ಗೆಲ್ಲುತ್ತಾಳೋ ಸೋಲುತ್ತಾಳೋ, ಒಂದೂ ತಿಳಿಯದೆ ಅವನ ಬೆರಳು ಗುಂಡಿಯ ಮೇಲೆ ಬೆವರಿತು. ‘ಏನಪ್ಪಾ, ನಿಲ್ಲಿಸೋ ಯೋಚನೆ ಇದೆಯಾ, ಇಲ್ಲ ಇವರಿಬ್ಬರನ್ನೂ ನಾಳೆವರೆಗೆ ಸುತ್ತಿಸ್ತೀಯಾ?’ ಎಂದು ಡ್ರಿಲ್ ಮೇಷ್ಟ್ರು ರೇಗಿದರು. ಅವನು ಕಣ್ಣು ಮುಚ್ಚಿ ಒತ್ತಿದ.

ಕುರ್ಚಿ ಕಿರ್ ಎಂದಿತು. ಭವನ ತುಂಬ ಚಪ್ಪಾಳೆ, ಕೂಗು. ಯಾರಿಗೆಂದು ತಿರುಗಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಚಪ್ಪಲಿಗಳನ್ನೇ ನೋಡುತ್ತಾ ಕೂತ. ಎಡದ್ದರ ತುದಿ ಓರೆಯಾಗಿ ಸವೆದು ಕಾಗದದಷ್ಟು ತೆಳ್ಳಗಾಗಿತ್ತು.

‘ರೀ.’

ಅವನು ಬೆಚ್ಚಿಬಿದ್ದ. ಪಕ್ಕದಲ್ಲೇ ನಿಂತಿದ್ದಳು. ಮದುವೆಯಾದ ಮೇಲೆ ಇದೇ ಮೊದಲು, ಅವಳು ಬಂದದ್ದು ಅವನಿಗೆ ತಿಳಿಯಲಿಲ್ಲ. ಕೈಯಲ್ಲಿ ಎರಡನೇ ಬಹುಮಾನದ ಪುಟ್ಟ ಪ್ಲಾಸ್ಟಿಕ್ ಸೋಪಿನ ಡಬ್ಬಿ ಇತ್ತು. ಅದನ್ನು ಅವನ ಕಣ್ಣೆದುರು ಹಿಡಿದು, ಇನ್ನೂ ಏದುಸಿರು ಬಿಡುತ್ತಾ ಅವಳು ಹೇಳಿದಳು:

‘ಸೋತೆ ಕಣ್ರೀ. ನಾನೇ ಸೋತೆ.’