ಬ್ಯಾಟರಿ ಇಲ್ಲದ ರಿಮೋಟು

ಮಾವನ ಕೈಯಲ್ಲಿದ್ದ ರಿಮೋಟಿನಲ್ಲಿ ಬ್ಯಾಟರಿ ಇರಲಿಲ್ಲ. ತೆಗೆದವಳು ಸೊಸೆಯೇ.

ಬ್ಯಾಟರಿ ಇದ್ದ ಇನ್ನೊಂದು ರಿಮೋಟು ಅವಳ ಬಳಿಯಿತ್ತು. ಮಾವನ ಬೆನ್ನ ಹಿಂದೆ ಸದ್ದಿಲ್ಲದೆ ನಿಂತು ವಿಮಾನವನ್ನು ಹಾರಿಸುತ್ತಿದ್ದವಳು ಅವಳು. ಮುಂದೆ ನಿಂತ ಮಾವ, ಎಲ್ಲವೂ ತಮ್ಮ ಹೆಬ್ಬೆರಳಿನಲ್ಲಿದೆ ಎಂಬಂತೆ ಗುಂಡಿಗಳನ್ನು ಆಡಿಸುತ್ತಿದ್ದರು.

ಎಂಜಿನ್ ಇಲ್ಲದ ಪುಟ್ಟ ವಿಮಾನ. ಗುಡ್ಡದ ಇಳಿಜಾರಿಗೆ ಬಡಿದು ಮೇಲೇಳುವ ಗಾಳಿಯ ಮೇಲೆ ಹದ್ದಿನಂತೆ ತೇಲುವಂಥದ್ದು. ಅಂದು ಕ್ಲಬ್ಬಿನ ಸ್ಪರ್ಧೆ. ಹೆಚ್ಚು ಹೊತ್ತು ತೇಲಿಸಿ, ಹಗ್ಗ ಸುತ್ತಿದ ವೃತ್ತದೊಳಗೆ ಇಳಿಸಿದವರು ಗೆದ್ದಂತೆ. ಒಂದು ಕಾಲಕ್ಕೆ ಈ ಗುಡ್ಡದ ಮೇಲೆ ಮಾವನನ್ನು ಸೋಲಿಸಿದವರೇ ಇರಲಿಲ್ಲ. ಈಗ ಕಣ್ಣು ಕೈಕೊಟ್ಟಿತ್ತು.

"ಎಲ್ಲ ಮಬ್ಬು ಕಣಮ್ಮ," ಎಂದು ಕಳೆದ ವರ್ಷ ಫೋನಿನಲ್ಲಿ ಹೇಳಿದ್ದರು. "ಕೈ ಹಿಡಿದು ಗುಡ್ಡ ಹತ್ತಿಸೋಕೆ ಯಾರಾದರೂ ಬೇಕು."

ಯಾರಾದರೂ ಅಂದರೆ ಯಾರು ಎಂದು ಅವಳಿಗೆ ತಿಳಿಯಿತು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅವರ ಮಗ ಸತ್ತ ದಿನ ಕಾರು ಓಡಿಸುತ್ತಿದ್ದವಳು ಅವಳು.

ಮಳೆಯಲ್ಲಿ ಚಕ್ರ ಜಾರಿತ್ತು. ಪಕ್ಕದ ಸೀಟಿನಲ್ಲಿದ್ದ ಗಂಡ ಹೋದ. ಅವಳಿಗೆ ಹಣೆಯ ಮೇಲೊಂದು ಗೀರು, ಅಷ್ಟೇ. ತಪ್ಪು ನಿನ್ನದಲ್ಲ ಎಂದು ಊರೆಲ್ಲ ಹೇಳಿತು. ಅವಳ ಕಿವಿಗೆ ಬೀಳಲಿಲ್ಲ. ಶಾಲೆಯ ವ್ಯಾನ್ ಓಡಿಸುತ್ತಿದ್ದವಳು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಲಾಂಡ್ರಿಯೊಂದರ ಹಿಂದಿನ ಕೋಣೆಯಲ್ಲಿ ಆಸ್ಪತ್ರೆಯ ಬೆಡ್‌ಶೀಟು ಮಡಿಸುವ ಕೆಲಸ ಹಿಡಿದಳು. ಮಾವನ ಮನೆಯ ಕಡೆ ತಲೆ ಹಾಕಲಿಲ್ಲ. ಅಲ್ಲಿ ನಾದಿನಿ ಇದ್ದಳು. ಅಣ್ಣನನ್ನು ಕಳಕೊಂಡವಳಿಗೆ ಯಾವ ಮುಖ ತೋರಿಸುವುದು?

ಬ್ಯಾಟರಿಯ ಉಪಾಯ ಕ್ಲಬ್ಬಿನ ಅಧ್ಯಕ್ಷರದು. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. "ಹಾರಿಸೋದು ಬಿಡಿಸಿದರೆ ನಿಮ್ಮ ಮಾವ ಹಾಸಿಗೆ ಹಿಡೀತಾನೆ. ನೀನು ಕಲಿತುಕೋ, ಹಿಂದೆ ನಿಂತು ಹಾರಿಸು. ಅವನಿಗೇನು ಕಾಣುತ್ತಾ?" ಎಂದು ಹಲ್ಲು ಕಿತ್ತಷ್ಟೇ ಸಲೀಸಾಗಿ ಹೇಳಿದ್ದರು. ಕಲಿಸಿದವರೂ ಅವರೇ.

ಪ್ರತಿ ಭಾನುವಾರ ಅವಳು ಬಸ್ಸಿಳಿದು ಬರುವಷ್ಟರಲ್ಲಿ ಮಾವ ಗುಡ್ಡದ ಬುಡದಲ್ಲಿ ಕಾದಿರುತ್ತಿದ್ದರು. "ಅಳಿಯ ಕರಕೊಂಡು ಬಂದ, ಕಾರಲ್ಲೇ ಮಲಗಿದಾನೆ," ಎನ್ನುತ್ತಿದ್ದರು. ಕಾರು ನಿಂತ ಕಡೆ ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಈ ದಿನ ಬೆಳಿಗ್ಗೆ ಮಾವ, "ತುಂಬಾ ಸಣ್ಣಗಾಗಿದೀಯಲ್ಲಮ್ಮ," ಅಂದಿದ್ದರು. ದನಿಯಲ್ಲೇ ಗುರುತು ಹಿಡಿದರು ಎಂದುಕೊಂಡಳು ಅವಳು. ಮಗನನ್ನು ಕಿತ್ತುಕೊಂಡದ್ದು ಸಾಲದೆಂದು ಈ ಮನುಷ್ಯನಿಗೆ ವರ್ಷದಿಂದ ಮೋಸ. ಇವತ್ತು ಹೇಳಿಯೇ ಬಿಡಬೇಕು.

"ಮಂಜು ಏರ್ತಿದೆ! ಎಲ್ಲರೂ ಇಳಿಸಿ, ಬೇಗ!" ಡಾಕ್ಟರು ಕೂಗಿದರು.

ಕೆಳಗಿನ ಕಣಿವೆ ಆಗಲೇ ಬಿಳಿಚಿತ್ತು. ಒಂದೊಂದಾಗಿ ವಿಮಾನಗಳು ಇಳಿದವು. ಅವರದೊಂದು ಉಳಿಯಿತು. ಅವಳು ತಿರುಗಿಸುವ ಮೊದಲೇ ಮಂಜು ಅದನ್ನು ನುಂಗಿತು. ಕಣ್ಣ ಮುಂದೆ ಏನೂ ಇಲ್ಲ. ಕೆಳಗೆ ನಿಂತ ಜನರ ಮೇಲೆ ಬಿದ್ದರೆ? ಹೆಬ್ಬೆರಳು ಮರಗಟ್ಟಿತು. ಅಂದೂ ಹೀಗೆಯೇ, ಗಾಜಿನಾಚೆ ಏನೂ ಕಂಡಿರಲಿಲ್ಲ.

ಮಾವ ತಲೆ ಓರೆ ಮಾಡಿ ಆಲಿಸಿದರು. ರೆಕ್ಕೆಯ ಸಣ್ಣ ಸಿಳ್ಳು ಎಲ್ಲೋ ಕೇಳುತ್ತಿತ್ತು.

"ಎಡಕ್ಕೆ ತಿರುಗಿಸಿದೆ," ಎಂದರು, ತಮ್ಮಷ್ಟಕ್ಕೆ ತಾವೇ ಎಂಬಂತೆ. "ಇನ್ನೊಂಚೂರು... ಹಾಂ. ಈಗ ಮೂತಿ ತಗ್ಗಿಸಿದೆ. ಅವಸರ ಇಲ್ಲ."

ಅವರು ಹೇಳಿದಂತೆ ಅವಳ ಬೆರಳು ನಡೆಯಿತು. ಸಿಳ್ಳು ಹತ್ತಿರವಾಯಿತು. ಮಂಜು ಸೀಳಿಕೊಂಡು ಬಂದ ವಿಮಾನ ಹುಲ್ಲಿಗೆ ಹೊಟ್ಟೆ ತಾಗಿಸಿ, ಹಗ್ಗದಾಚೆ ಹೋಗಿ ನಿಂತಿತು. ಬಹುಮಾನ ತಪ್ಪಿತು. ಯಾರಿಗೂ ಏನೂ ಆಗಲಿಲ್ಲ.

ಅವಳು ಮಾವನ ಮುಂದೆ ಬಂದು ನಿಂತಳು. "ಮಾವ, ನಿಮ್ಮ ರಿಮೋಟಲ್ಲಿ ಬ್ಯಾಟರಿನೇ ಇಲ್ಲ. ವರ್ಷದಿಂದ ಇಲ್ಲ. ಹಾರಿಸ್ತಾ ಇದ್ದಿದ್ದು ನಾನು. ಕ್ಷಮಿಸಿಬಿಡಿ... ಎಲ್ಲದಕ್ಕೂ."

ಮಾವ ತಮ್ಮ ರಿಮೋಟನ್ನು ಹುಲ್ಲಿನ ಮೇಲಿಟ್ಟರು. ಆಮೇಲೆ, "ಅಂದರೆ ಇಷ್ಟು ಮಂಜಲ್ಲಿ ಇಳಿಸಿದ್ದು ನೀನೇ ಅನ್ನು," ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಮಳೆ ಶುರುವಾಯಿತು. ಜನ ಚದುರಿದರು. ಡಾಕ್ಟರಂತೂ ಹೇಳದೆ ಕೇಳದೆ ಹೊರಟುಹೋಗಿದ್ದರು. ಗುಡ್ಡ ಇಳಿದಾಗ ಮಾವನ ಕಾರು ಒಂದೇ ನಿಂತಿತ್ತು. ಒಳಗೆ ಯಾರೂ ಇಲ್ಲ.

"ಅಳಿಯನಿಗೆ ಹೊಟ್ಟೆ ಕೆಟ್ಟಿತಂತೆ, ಯಾರದೋ ಬೈಕಲ್ಲಿ ಹೋದನಂತೆ," ಎಂದು ಮಾವ ಜೇಬಿನಿಂದ ಕೀಲಿ ತೆಗೆದು ಚಾಚಿದರು. "ನನ್ನ ಮನೆಗೆ ಬಿಡಮ್ಮ. ನನಗೆ ಕಾಣಲ್ಲವಲ್ಲ."

"ನನ್ನ ಕೈಲಾಗಲ್ಲ ಮಾವ. ಅದೂ ಮಳೆಲಿ. ಅದೂ ನಿಮ್ಮನ್ನ..."

"ಇನ್ಯಾರಿದ್ದಾರೆ?"

ಕೀಲಿ ಹಾಗೇ ಮಳೆಯಲ್ಲಿ ನೆನೆಯುತ್ತಿತ್ತು. ಅವಳು ತೆಗೆದುಕೊಂಡಳು.

ಮೊದಲ ತಿರುವಿನವರೆಗೆ ಉಸಿರಾಡಿದ್ದು ನೆನಪಿಲ್ಲ. ಮಾವ ಪಕ್ಕದ ಸೀಟಿನಲ್ಲಿ ಕೂತಿದ್ದರು, ಮಗ ಕೂತಂತೆಯೇ. "ವೈಪರ್ ಸ್ವಲ್ಪ ಜೋರು ಮಾಡಮ್ಮ," ಎಂದವರು ಆಮೇಲೆ ಒರಗಿ ಕಣ್ಣು ಮುಚ್ಚಿದರು. ಅರ್ಧ ದಾರಿಯಲ್ಲಿ ಗೊರಕೆ ಕೇಳಿಸಿತು. ಅವಳು ಓಡಿಸುವಾಗ ಈ ಮನುಷ್ಯನಿಗೆ ನಿದ್ದೆ ಬಂದಿತ್ತು! ಕೆನ್ನೆ ಒದ್ದೆಯಾಗಿದ್ದು ಒರೆಸಿಕೊಳ್ಳಲೂ ಕೈ ತೆಗೆಯದೆ, ಮೆಲ್ಲಗೆ, ಮನೆ ಮುಟ್ಟಿಸಿದಳು.

ಗೇಟಿನಲ್ಲಿ ನಾದಿನಿ ಕೊಡೆ ಹಿಡಿದು ನಿಂತಿದ್ದಳು. ಸ್ಟೀರಿಂಗಿನ ಹಿಂದೆ ಯಾರಿದ್ದಾರೆಂದು ಕಂಡದ್ದೇ ಆಕೆಯ ಬಾಯಿ ತೆರೆಯಿತು. ಇಷ್ಟು ದಿನ ಹೆದರಿದ್ದ ಮಾತು ಈಗ ಬೀಳುತ್ತದೆ ಎಂದು ಅವಳು ತಲೆ ತಗ್ಗಿಸಿ ಕುಳಿತಳು.

"ಇದೇನು ಅತ್ತಿಗೆ, ನೀವು ಓಡಿಸ್ಕೊಂಡು ಬಂದಿರಿ? ಬೆಳಿಗ್ಗೆ ಅಪ್ಪ ತಾವೇ ಓಡಿಸ್ಕೊಂಡು ಹೋದರಲ್ಲ!"